ಸೊಂಟ ನೋವಿನ ಸಂಶೋಧನೆಗೆ ದುಡ್ಡು ಎಲ್ಲಿ ಕೇಳಬೇಕು? ಗೊತ್ತಿರುವವರು ಹೇಳಿ

ದಾವಣಗೆರೆ ಫಿಸಿಯೋ:
ಎಲ್ಲರಿಗೂ ನಮಸ್ಕಾರ. ನಾನು ಖಾಸಗಿ ಫಿಸಿಯೋಥೆರಪಿ ಕಾಲೇಜೊಂದರಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಎಂಪಿಟಿ (ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ) ಆಗಿ ಆರು ವರ್ಷ ಆಯ್ತು. ಪಿಎಚ್‌ಡಿಗೆ ಇನ್ನೂ ಸೇರಿಲ್ಲ. ನಮ್ಮ ಓಪಿಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಸೊಂಟ ನೋವಿನವರೇ. ಭದ್ರಾ ನಾಲೆ ಕಡೆ ಭತ್ತ ನಾಟಿ ಮಾಡುವ ಹೆಂಗಸರು, ಚನ್ನಗಿರಿ ಕಡೆ ಅಡಿಕೆ ಸುಲಿಯುವವರು, ಲಾರಿ ಡ್ರೈವರ್‌ಗಳು. ಇವರ ಮೇಲೆ ಒಂದು ಸ್ಟಡಿ ಮಾಡಬೇಕು ಅಂತ ಬಹಳ ದಿನದಿಂದ ಆಸೆ. ಸ್ನಾಯುಗಳ ಕೆಲಸ ಅಳೆಯೋಕೆ ಇಎಂಜಿ ಮೆಷಿನ್ ಬೇಕು. ಡೀಲರ್ 14 ಲಕ್ಷದ ಕೊಟೇಶನ್ ಕೊಟ್ಟಿದ್ದಾರೆ. ಮ್ಯಾನೇಜ್‌ಮೆಂಟ್ ಕೇಳಿದರೆ "ಗ್ರಾಂಟ್ ತನ್ನಿ, ಕೊಂಡುಕೊಳ್ಳಿ" ಅಂತಾರೆ. ಬೆನ್ನುಮೂಳೆ ಸಂಶೋಧನೆಗೆ ಅನುದಾನ ಅಥವಾ ಫೆಲೋಶಿಪ್ ಕೊಡುವವರು ಯಾರು? ನನ್ನಂಥವರಿಗೆ ಸಿಗುತ್ತಾ?

ಎರಡನೇ ವರ್ಷದವ:
ಫಾಲೋಯಿಂಗ್. ನನಗೂ ಬೇಕು. ನಾನು ಎಂಬಿಬಿಎಸ್.

ಫೈಲು ಗುಮಾಸ್ತ:
ಮೇಡಂ, ನಾನು ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. ಬೆಂಗಳೂರಿನ ಒಂದು ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಫೈಲು ನೋಡಿಕೊಳ್ಳುತ್ತಿದ್ದೇನೆ. ಅರ್ಜಿ ಬಿದ್ದು ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲು ಮೂರು ವಿಷಯ ವಿಚಾರಿಸಿ, ಆಮೇಲೆ ಮಿಕ್ಕಿದ್ದು.

ನಿಮ್ಮ ಕಾಲೇಜಿಗೆ ಡಿಎಸ್‌ಐಆರ್, ಅಂದರೆ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ ಮಾನ್ಯತೆ ಇದೆಯಾ? ಖಾಸಗಿ ಸಂಸ್ಥೆ ಅಂದಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನಂಥವರು ಈ ಕಾಗದ ಕೇಳ್ತಾರೆ. ಎಷ್ಟೋ ಕಾಲೇಜಿನವರಿಗೆ ಅದು ಏನು ಅಂತಲೇ ಗೊತ್ತಿಲ್ಲ. ಎರಡನೆಯದು, ನಿಮ್ಮ ಎಥಿಕ್ಸ್ ಕಮಿಟಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮ ಬಂದಮೇಲೆ ಔಷಧದ ಟ್ರಯಲ್ ಅಲ್ಲದ ಸಂಶೋಧನೆ ನೋಡುವ ಕಮಿಟಿಗಳೂ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ಸುಮ್ನೆ ಪ್ರಿನ್ಸಿಪಾಲರ ರೂಮಲ್ಲಿ ನಾಲ್ಕು ಜನ ಕೂತು ಸಹಿ ಹಾಕಿದರೆ ಆಗಲ್ಲ. ಮೂರನೆಯದು, ನಿಮ್ಮದು ಕಾಯಂ ನೌಕರಿಯಾ, ಕಾಂಟ್ರಾಕ್ಟಾ?

ಈ ಮೂರರಲ್ಲಿ ಒಂದು ಇಲ್ಲ ಅಂದರೂ ನಿಮ್ಮ ಐಡಿಯಾ ಎಷ್ಟೇ ಚೆನ್ನಾಗಿರಲಿ, ಅದನ್ನು ಓದುವ ಮೊದಲೇ ಪಕ್ಕಕ್ಕೆ ಇಡ್ತಾರೆ.

ಹುಬ್ಬಳ್ಳಿ ಡಾಕ್ಟ್ರು:
ಸ್ಪೈನ್ ಸರ್ಜನ್ ಇದ್ದೀನ್ರಿ. ಮೊದಲು ಒಂದು ಗೊಂದಲ ಬಿಡಿಸ್ತೀನಿ. ನಮ್ಮಲ್ಲಿ 'ಸ್ಪೈನ್ ಫೆಲೋಶಿಪ್' ಅಂದರೆ ನೂರಕ್ಕೆ ತೊಂಬತ್ತು ಸಲ ಆಪರೇಶನ್ ಕಲಿಯುವ ಫೆಲೋಶಿಪ್. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎಫ್‌ಎನ್‌ಬಿ ಸ್ಪೈನ್ ಸರ್ಜರಿ ಎರಡು ವರ್ಷದ್ದು. ಎಓ ಸ್ಪೈನ್‌ನವರದ್ದು, ನಮ್ಮ ಅಸೋಸಿಯೇಶನ್ ಆಫ್ ಸ್ಪೈನ್ ಸರ್ಜನ್ಸ್ ಆಫ್ ಇಂಡಿಯಾದ್ದು, ಸ್ಕೋಲಿಯೋಸಿಸ್ ರಿಸರ್ಚ್ ಸೊಸೈಟಿಯ ಟ್ರಾವೆಲಿಂಗ್ ಫೆಲೋಶಿಪ್, ಇವೆಲ್ಲ ಮುಖ್ಯವಾಗಿ ಸರ್ಜನ್‌ಗಳಿಗೆ. ಇನ್ನೊಬ್ಬರ ಥಿಯೇಟರಿನಲ್ಲಿ ನಿಂತು ನೋಡಿ, ಕೈ ತೊಳೆದು, ಕಲಿತು ಬರೋದು. ಅದರಲ್ಲಿ ಸಂಶೋಧನೆಗೆ ಸಿಗೋ ಹೊತ್ತು ಭಾನುವಾರ ಮಧ್ಯಾಹ್ನ ಮಾತ್ರ.

ನಿಮಗೆ ಬೇಕಾಗಿದ್ದು ಸಂಶೋಧನೆಗೆ ಸಂಬಳ ಕೊಡುವ ಫೆಲೋಶಿಪ್. ಅದು ಬೇರೆ ಜಾತಿ. ಭಾರತದಲ್ಲಿ ಅದಕ್ಕೆ ದೊಡ್ಡ ಹೆಸರು ಅಂದರೆ ಇಂಡಿಯಾ ಅಲಯನ್ಸ್. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಇಂಗ್ಲೆಂಡಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಶುರು ಮಾಡಿದ್ದು. ಕ್ಲಿನಿಕಲ್ ಮತ್ತು ಸಾರ್ವಜನಿಕ ಆರೋಗ್ಯದವರಿಗೇ ಬೇರೆ ವಿಭಾಗ ಇದೆ, ಐದು ವರ್ಷದ್ದು. ಸಂಬಳ, ಸಂಶೋಧನಾ ಖರ್ಚು ಎರಡೂ. ಆದರೆ ಸ್ಪರ್ಧೆ ಜೋರು ಐತಿ. ಅಲ್ಲಿ ಇಂಟರ್‌ವ್ಯೂಗೆ ಕೂತವರು ಕೇಳೋ ಮೊದಲ ಪ್ರಶ್ನೆ "ನಿಮ್ಮ ಪ್ರಶ್ನೆ ಏನು?"

ನಾನೂ ಅದನ್ನೇ ಕೇಳ್ತೀನಿ. ಮೆಷಿನ್ ಬೇಕು ಅಂದ್ರಿ. ಪ್ರಶ್ನೆ ಏನ್ರಿ ಮೇಡಂ?

ಲೇತ್ ಮೆಷಿನ್:
ಡಾಕ್ಟ್ರು ಸರಿಯಾಗಿ ಕೇಳಿದರು. ನಾನು ಮೆಕ್ಯಾನಿಕಲ್ ಎಂಜಿನಿಯರ್, ಗೂನುಬೆನ್ನಿನ ಮಕ್ಕಳಿಗೆ ಬ್ರೇಸ್ ಮಾಡುವ ಚಿಕ್ಕ ಸ್ಟಾರ್ಟಪ್ ಇದೆ. ಸಾಧನ ಮಾಡುವವರಿಗೆ ದಾರಿ ಬೇರೆ. ಅದೇ ಡಿಬಿಟಿ ಕಟ್ಟಿದ ಬಿರಾಕ್‌ನವರ ಬಿಗ್ ಗ್ರಾಂಟ್, 18 ತಿಂಗಳಿಗೆ 50 ಲಕ್ಷದವರೆಗೆ. ಬೆಂಗಳೂರಲ್ಲಿ ಸ್ಟಾರ್ಟಪ್‌ಗಳಿಗೆ ನೆರವಾಗುವ ಸಿ-ಕ್ಯಾಂಪ್ ಸಂಸ್ಥೆ ಮೂಲಕ ಹಾಕಬಹುದು. ಸಾಲ ಅಲ್ಲ, ಅನುದಾನ. ಆದರೆ ಹಣ ಒಂದೇ ಸಲ ಕೈಗೆ ಬರಲ್ಲ, ಹೇಳಿದ ಘಟ್ಟ ಮುಟ್ಟಿದ ಮೇಲೆ ಮುಂದಿನ ಕಂತು. ಸ್ಟಡಿಗೋಸ್ಕರ ಮೆಷಿನ್ ಕೊಳ್ಳೋಕೆ ಇದು ಆಗಲ್ಲ. ಹೊಸದೇನಾದರೂ ಮಾಡಿ ಮಾರುವವರಿಗೆ ಮಾತ್ರ.

ದಾವಣಗೆರೆ ಫಿಸಿಯೋ:
@ಹುಬ್ಬಳ್ಳಿ ಡಾಕ್ಟ್ರು, ಸರ್, ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ನಿಜ ಹೇಳಬೇಕಂದರೆ ಇಎಂಜಿ ನನ್ನ ಪ್ರಶ್ನೆ ಅಲ್ಲ, ನಮ್ಮ ಎಚ್‌ಓಡಿ ಆಸೆ. ನನಗೆ ಕಾಡುವುದು ಬೇರೆ. ಹೇಳಿದರೆ ನಗಬೇಡಿ.

ಹೋದ ತಿಂಗಳು ಒಬ್ಬ ಅಮ್ಮ ಬಂದಿದ್ದರು. ಐವತ್ತರ ಆಸುಪಾಸು, ನಾಟಿ ಕೆಲಸದವರು. ನಾವು ರೋಲಂಡ್ ಮಾರಿಸ್ ಪ್ರಶ್ನಾವಳಿ ತುಂಬಿಸ್ತೀವಲ್ಲ, ಬೆನ್ನು ನೋವಿಂದ ದಿನದ ಕೆಲಸಕ್ಕೆ ಎಷ್ಟು ತೊಂದರೆ ಅಂತ ಅಳೆಯೋದು, 24 ಪ್ರಶ್ನೆಯದ್ದು. ನನ್ನ ವಿದ್ಯಾರ್ಥಿನಿ ಓದಿ ಹೇಳುತ್ತಿದ್ದಳು. "ಸಾಕ್ಸ್ ಹಾಕ್ಕೊಳ್ಳೋಕೆ ಕಷ್ಟ ಆಗುತ್ತಾ?" ಆ ಅಮ್ಮ, "ಸಾಕ್ಸ್ ಯಾಕವ್ವ, ನಾನೇನು ಇಸ್ಕೂಲಿಗೆ ಹೋಗ್ತೀನಾ?" ಅಂದರು. ಸರಿ, ಮುಂದಿನದು. "ಈಜಿ ಚೇರಿನಿಂದ ಏಳುವಾಗ ಏನಾದರೂ ಹಿಡ್ಕೋಬೇಕಾ?" "ನಮ್ಮನೇಲಿ ಕುರ್ಚಿ ಒಂದೇ ಇರೋದು, ಅದ್ರಲ್ಲಿ ನಮ್ಮ ಮಾವ ಕೂರ್ತಾರೆ." ಮೆಟ್ಟಿಲ ಕಂಬಿ? ಮೆಟ್ಟಿಲೇ ಇಲ್ಲ. ಹುಡುಗಿ ಮೂರಕ್ಕೂ 'ಇಲ್ಲ' ಅಂತ ಟಿಕ್ ಮಾಡಿದಳು. ಒಟ್ಟು ಅಂಕ 7 ಬಂತು. ಕಡಿಮೆ ತೊಂದರೆ ಅನ್ನೋ ಲೆಕ್ಕ.

ಆ ಅಮ್ಮ ಎದ್ದು ಹೋಗುವಾಗ ಒಂದು ಕೈ ಮಂಚದ ಮೇಲೆ, ಇನ್ನೊಂದು ಕೈ ಮಂಡಿ ಮೇಲೆ ಊರಿ, ಬಾಗಿದ ಬೆನ್ನು ನೆಟ್ಟಗೆ ಮಾಡೋಕೆ ನಾಲ್ಕು ಹೆಜ್ಜೆ ನಡೆಯಬೇಕಾಯ್ತು. ಹದಿನೈದು ದಿನದಿಂದ ಗದ್ದೆಗೆ ಇಳಿದಿಲ್ಲವಂತೆ. ಕೂಲಿ ಹೋಯ್ತು. ಕುಕ್ಕರುಗಾಲಲ್ಲಿ ಕೂರೋಕೆ ಆಗಲ್ಲ, ಬಚ್ಚಲಲ್ಲಿ ಕೂತರೆ ಮಗಳು ಬಂದು ಎಬ್ಬಿಸಬೇಕು. ಇದನ್ನು ಯಾವ ಪ್ರಶ್ನೆಯೂ ಕೇಳಲಿಲ್ಲ.

ನನ್ನ ಪ್ರಶ್ನೆ ಇದೇ ಸರ್. ನೆಲದ ಮೇಲೆ ಕೂತು, ಬಗ್ಗಿ ಕೆಲಸ ಮಾಡುವವರ ಸೊಂಟ ನೋವನ್ನು ಕುರ್ಚಿ ಮೇಲೆ ಕೂರುವವರ ಪ್ರಶ್ನಾವಳಿಯಲ್ಲಿ ಅಳೆದರೆ ಎಷ್ಟು ತಪ್ಪಾಗುತ್ತೆ?

ಹುಬ್ಬಳ್ಳಿ ಡಾಕ್ಟ್ರು:
ಮೇಡಂ, ಇದನ್ನ ಮೊದಲೇ ಹೇಳಬಾರದೇನ್ರಿ! ಇಎಂಜಿ ಬದಿಗಿಡ್ರಿ.

ಬೆನ್ನು ನೋವಿನ ಇನ್ನೊಂದು ಪ್ರಶ್ನಾವಳಿ ಓಸ್ವೆಸ್ಟ್ರಿ, ಹತ್ತು ಪ್ರಶ್ನೆಯದ್ದು, ಅದರಲ್ಲೂ ಅದೇ ಹಣೆಬರಹ. "ಯಾವ ಕುರ್ಚಿಯಲ್ಲಾದರೂ ಎಷ್ಟು ಹೊತ್ತಾದರೂ ಕೂರಬಲ್ಲೆ" ಅಂತ ಒಂದು ಸಾಲು. ಎಂಟನೇ ಪ್ರಶ್ನೆ ಲೈಂಗಿಕ ಜೀವನದ್ದು. ನಮ್ಮ ಕಡೆ ಹೆಣ್ಮಕ್ಕಳಿಗೆ ಗಂಡು ಪಿಜಿ ವಿದ್ಯಾರ್ಥಿ ಅದನ್ನ ಕೇಳಿದರೆ ಪೆನ್ನು ಕೆಳಗಿಟ್ಟು ಎದ್ದು ಹೋಗ್ತಾರ. ನಾವು ಅದನ್ನ ಖಾಲಿ ಬಿಟ್ಟು ಉಳಿದ ಒಂಬತ್ತಕ್ಕೆ ಲೆಕ್ಕ ಹಾಕ್ತೀವಿ. ಸರ್ಜರಿ ಆದಮೇಲೆ ಸುಧಾರಿಸಿದರೋ ಇಲ್ಲೋ ಅಂತ ನಾವು ಪೇಪರ್ ಬರೆಯೋದು ಇದೇ ಅಂಕದ ಮೇಲೆ. ನನ್ನ ತಪ್ಪೂ ಐತಿ ಅದರಲ್ಲಿ.

ಇನ್ನೊಂದು. ನಿಮ್ಮ ಕನ್ನಡ ಪ್ರತಿಯಲ್ಲಿ 'ಸೊಂಟ' ಅಂತ ಇರುತ್ತೆ. ನಮ್ಮಲ್ಲಿ "ನಡಾ ಹಿಡದೈತಿ" ಅಂತಾರ. ಎಲ್ಲ ಸೇರಿಸಿಕೊಳ್ರಿ.

ಸ್ವಂತ ಓಪಿಡಿಯ ಪ್ರಶ್ನೆಗೆ ಎಷ್ಟು ಬೆಲೆ ಅಂತ ಅನುಮಾನ ಇದ್ದರೆ ಕೊಯಮತ್ತೂರಿನ ಗಂಗಾ ಆಸ್ಪತ್ರೆ ನೋಡ್ರಿ. ಸೊಂಟದ ಬೆನ್ನುಮೂಳೆ ಅಧ್ಯಯನ ಮಾಡೋ ಅಂತರರಾಷ್ಟ್ರೀಯ ಸಂಘ ಐಎಸ್‌ಎಸ್‌ಎಲ್‌ಎಸ್ ಕೊಡೋ ಬಹುಮಾನ, ಮೊದಲು ಅದಕ್ಕೆ ವೋಲ್ವೋ ಅವಾರ್ಡ್ ಅಂತಿದ್ದರು, ನಮ್ಮ ಕ್ಷೇತ್ರದಾಗ ಬಹಳ ದೊಡ್ಡದು. ಡಾ. ಎಸ್. ರಾಜಶೇಖರನ್ ಅವರ ತಂಡಕ್ಕೆ 2004ರಲ್ಲಿ ಬಂತು. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಅದಕ್ಕೆ ರಕ್ತನಾಳ ಇಲ್ಲ, ಹಂಗಾದರೆ ಆಹಾರ ಹೆಂಗ ಹೋಗುತ್ತ? ರೋಗಿಗೆ ಕಾಂಟ್ರಾಸ್ಟ್ (ಸ್ಕ್ಯಾನಿನಾಗ ಎದ್ದು ಕಾಣೋ ದ್ರವ) ಕೊಟ್ಟು, ದಿನವಿಡೀ ಬಿಟ್ಟು ಬಿಟ್ಟು ಎಂಆರ್‌ಐ ತೆಗೆದು ನೋಡಿದರು. 2013ರಲ್ಲಿ ಮತ್ತೆ ಬಂತು, 181 ರೋಗಿಗಳಲ್ಲಿ ಡಿಸ್ಕ್ ಎಲ್ಲಿ ಹರಿಯುತ್ತೆ ಅಂತ ಹುಡುಕಿದ್ದಕ್ಕ. ಎರಡೂ ತಮ್ಮ ಆಸ್ಪತ್ರೆಗೆ ಬಂದ ರೋಗಿಗಳಿಂದ ಹುಟ್ಟಿದ ಪ್ರಶ್ನೆ.

ಎರಡನೇ ವರ್ಷದವ:
ಸರ್, ನನ್ನಂಥವರಿಗೆ?

ಹುಬ್ಬಳ್ಳಿ ಡಾಕ್ಟ್ರು:
ಐಸಿಎಂಆರ್ ಎಸ್‌ಟಿಎಸ್, ಅಂದರೆ ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನಾ ಯೋಜನೆಗೆ ಅರ್ಜಿ ಹಾಕಪ್ಪ. 1979ರಿಂದ ನಡೀತೈತಿ. ಎಂಬಿಬಿಎಸ್, ಬಿಡಿಎಸ್ ಹುಡುಗರಿಗೆ, ಎರಡು ತಿಂಗಳ ಕೆಲಸ. ರಿಪೋರ್ಟ್ ಒಪ್ಪಿಗೆ ಆದಮೇಲೆ ಸ್ಟೈಪೆಂಡು, ಸರ್ಟಿಫಿಕೇಟು. ಮೊದಲು ಗೈಡ್ ಹಿಡಿ. ಪಿಜಿಗೆ ಸೇರಿದಮೇಲೆ ಥೀಸಿಸ್‌ಗೂ ಅವರೇ ನೆರವು ಕೊಡ್ತಾರ.

ದಾವಣಗೆರೆ ಫಿಸಿಯೋ:
ಅದೇ ಬೇಜಾರು ನೋಡಿ. ನಮ್ಮ ಬಿಪಿಟಿ (ಫಿಸಿಯೋಥೆರಪಿ ಪದವಿ) ಮಕ್ಕಳು ಅದಕ್ಕೆ ಹಾಕುವ ಹಾಗಿಲ್ಲ. ಸೊಂಟ ನೋವಿನ ರೋಗಿಯ ಜೊತೆ ದಿನಾ ಮುಕ್ಕಾಲು ಗಂಟೆ ಕಳೆಯುವವರು ಅವರೇ.

ಫೈಲು ಗುಮಾಸ್ತ:
ಬೇಜಾರು ನ್ಯಾಯವೇ. ಆದರೆ ನಿಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ ಇದೆ ಅಂದುಕೊಳ್ತೀನಿ. ಅವರು ತಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಶೋಧನಾ ಅನುದಾನ ಕೊಡ್ತಾರೆ. ದೊಡ್ಡ ಮೊತ್ತ ಅಲ್ಲ. ಆದರೆ ನಿಮ್ಮ ಈ ಪ್ರಶ್ನೆಗೆ ದೊಡ್ಡ ಮೊತ್ತ ಯಾಕೆ ಬೇಕು? ಹಾಗೇ ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನದ ವಿಷನ್ ಗ್ರೂಪ್, ಅಂದರೆ ವಿಜಿಎಸ್‌ಟಿ, ಅದರಲ್ಲೂ ಅಧ್ಯಾಪಕರಿಗೆ ಅಂತ ಯೋಜನೆಗಳಿವೆ. ಕರೆ ಬಂದಾಗ ನೋಡಿ.

ಈಗ ಐಸಿಎಂಆರ್ ವಿಷಯ. ಅವರ ಸಣ್ಣ ಅನುದಾನ ಅಂತ ಕರೆಯೋದೇ 2 ಕೋಟಿವರೆಗೆ. ಹೆಸರು ಕೇಳಿ ಹೆದರಬೇಡಿ, 20 ಲಕ್ಷ ಕೇಳಿದರೂ ಅದರಲ್ಲೇ ಹಾಕಬೇಕು. ಆದರೆ ಅಲ್ಲಿ ಪರಿಶೀಲಕರು ಹುಡುಕುವುದು 'ಮೊದಲೇ ಏನಾದರೂ ಮಾಡಿದ್ದೀರಾ' ಅಂತ. ಖಾಲಿ ಕೈಯಲ್ಲಿ ಹೋಗಬೇಡಿ. ವಿಶ್ವವಿದ್ಯಾಲಯದ ದುಡ್ಡಲ್ಲಿ ಚಿಕ್ಕದು ಮಾಡಿ, ಒಂದು ಪೇಪರ್ ಹಾಕಿ, ಅದನ್ನು ಹಿಡಿದುಕೊಂಡು ಹೋಗಿ.

ನಮ್ಮಲ್ಲೇ ಆದ ಕಥೆ ಹೇಳ್ತೀನಿ. ಒಬ್ಬರು ಒಳ್ಳೆಯ ಡಾಕ್ಟರು, ಮೊದಲ ಸಲವೇ ದೊಡ್ಡ ಅರ್ಜಿ ಹಾಕಿ ಗೆದ್ದರು. ಎಲ್ಲರಿಗೂ ಖುಷಿ. ಹಣ ಬಂತು. ಪ್ರಾಜೆಕ್ಟ್ ಸಿಬ್ಬಂದಿ ನೇಮಕಕ್ಕೆ ನಮ್ಮ ಆಡಳಿತದವರೇ ಏಳು ತಿಂಗಳು ತಗೊಂಡರು. ವರ್ಷದ ಕೊನೆಗೆ ಖರ್ಚು ಆಗಿದ್ದು ಹತ್ತರಲ್ಲಿ ಒಂದು ಭಾಗ. ಬಳಕೆ ಪ್ರಮಾಣಪತ್ರ, ಅದೇ ಜಿಎಫ್‌ಆರ್ 12-ಎ ನಮೂನೆ, ಅದರಲ್ಲಿ ಬರೆಯೋಕೆ ಏನೂ ಇಲ್ಲ. ಎರಡನೇ ಕಂತು ನಿಂತಿತು. ಡಾಕ್ಟರು ನನ್ನ ಟೇಬಲ್ ಮುಂದೆ ಕೂತು ಒಂದು ಲೋಟ ಕಾಫಿ ಆರುವ ತನಕ ಸುಮ್ಮನೆ ಇದ್ದರು. ತಪ್ಪು ಅವರದ್ದಲ್ಲ. ಹಾಗಾಗಿ ಹೇಳ್ತೀನಿ, ನಿಮ್ಮ ಆಫೀಸು ಎಷ್ಟು ಓಡಬಲ್ಲದೋ ಅಷ್ಟೇ ದುಡ್ಡು ಕೇಳಿ.

ಇನ್ನು ಜೆಆರ್‌ಎಫ್ (ಕಿರಿಯ ಸಂಶೋಧಕರು) ಹಾಕಿಕೊಳ್ಳೋದಾದರೆ 2023ರ ಜನವರಿಯಿಂದ ತಿಂಗಳಿಗೆ 37,000, ಮೇಲೆ ಮನೆಬಾಡಿಗೆ ಭತ್ಯೆ. ನೆಟ್ಟೋ ಗೇಟೋ ಪಾಸಾದವರು ಬೇಕು. ಹಳ್ಳಿ ತಿರುಗುವ ಕೆಲಸಕ್ಕೆ ಅವರು ಸಿಗಲ್ಲ. ಕ್ಷೇತ್ರ ಸಹಾಯಕರು ಅಂತ ಹಾಕಿ.

ಪಿಟ್ಸ್‌ಬರ್ಗ್ ಕನ್ನಡಿಗ:
ಹೊರಗಿನ ದುಡ್ಡಿನ ಬಗ್ಗೆ ನಾನು ಹೇಳ್ತೀನಿ, ಯಾಕಂದರೆ ವಾರಕ್ಕೊಬ್ಬರು "ಎನ್‌ಐಎಚ್‌ನಲ್ಲಿ ನನ್ನನ್ನು ಸೇರಿಸಿಕೊಳ್ಳಿ" ಅಂತ ಮೇಲ್ ಹಾಕ್ತಾರೆ. ಎನ್‌ಐಎಚ್ ಅಂದರೆ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ. ಪಿಎಚ್‌ಡಿ ಮುಗಿಸಿ ನಾನು ಬೆನ್ನು ನೋವಿನ ಲ್ಯಾಬ್‌ನಲ್ಲಿ ಪೋಸ್ಟ್‌ಡಾಕ್.

ಅಮೆರಿಕದಲ್ಲಿ ಬೆನ್ನು ನೋವಿಗೆ ಹಣ ಇದೆ. ಓಪಿಯಾಯ್ಡ್ ಅನ್ನುವ, ಚಟ ಹತ್ತಿಸುವ ನೋವಿನ ಮಾತ್ರೆಗಳ ಗಲಾಟೆ ಆದಮೇಲೆ ಎನ್‌ಐಎಚ್ 2018ರಲ್ಲಿ ಹೀಲ್ ಅನ್ನುವ ದೊಡ್ಡ ಕಾರ್ಯಕ್ರಮ ಶುರು ಮಾಡಿತು. ಅದರೊಳಗೆ ಬೆನ್ನು ನೋವಿಗೇ ಅಂತ ಬ್ಯಾಕ್‌ಪ್ಯಾಕ್ ಒಕ್ಕೂಟ. ಚಿಕ್ಕ ಹೊಸ ಐಡಿಯಾಗೆ ಆರ್21 ಅನ್ನುವ ಅನುದಾನ, ಎರಡು ವರ್ಷಕ್ಕೆ 2,75,000 ಡಾಲರ್‌ವರೆಗೆ. ಆದರೆ ಇಲ್ಲಿ ಓದುತ್ತಿರುವ ನಮ್ಮವರಿಗೆ ಒಂದು ಎಚ್ಚರಿಕೆ: ಪಿಎಚ್‌ಡಿ, ಪೋಸ್ಟ್‌ಡಾಕ್‌ನವರಿಗೆ ಕೊಡುವ ಎಫ್ ಫೆಲೋಶಿಪ್‌ಗಳು, ರೋಗಿಗಳ ಮೇಲೆ ಸಂಶೋಧನೆ ಮಾಡುವ ಡಾಕ್ಟರುಗಳ ಕೆ23, ಇವಕ್ಕೆ ಇಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ವೀಸಾದಲ್ಲಿ ಇರುವವರಿಗೆ ತೆರೆದಿರೋದು ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬ್‌ಗೆ ದಾಟಿಸುವ ಕೆ99. ಅದೂ ಪೋಸ್ಟ್‌ಡಾಕ್ ಶುರುವಾಗಿ ನಾಲ್ಕು ವರ್ಷದ ಒಳಗೆ ಹಾಕಬೇಕು. ನಾನು ಮೂರೂವರೆ ವರ್ಷಕ್ಕೆ ಎಚ್ಚೆತ್ತುಕೊಂಡೆ. ಆಮೇಲಿನದ್ದು ಕೇಳಬೇಡಿ.

ಇಲ್ಲಿಂದ ಭಾರತಕ್ಕೆ ಒಂದು ಪಾಲು ಕಳಿಸುವ ದಾರಿ ಈಗ ಕಷ್ಟ. 2025ರ ಮೇ ತಿಂಗಳಲ್ಲಿ ಎನ್‌ಐಎಚ್ ಹೊರದೇಶಗಳಿಗೆ ಉಪ-ಅನುದಾನ ಕೊಡುವ ಹಳೆಯ ಪದ್ಧತಿಯನ್ನು ನಿಲ್ಲಿಸುತ್ತೇವೆ ಅಂತ ಘೋಷಿಸಿತು. ಯಾರಾದರೂ ಹಳೇ ಕಾಲದ ಮಾತು ಹೇಳಿದರೆ ನಂಬಬೇಡಿ.

ಫೈಲು ಗುಮಾಸ್ತ:
ಹೊರಗಿನ ದುಡ್ಡು ಬಂದರೂ ಈ ಕಡೆ ಇಳಿಸಿಕೊಳ್ಳೋದು ಬೇರೆ ಸಾಹಸ. ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. 2020ರ ತಿದ್ದುಪಡಿ ಆದಮೇಲೆ ಹಣ ಮೊದಲು ಬರೋದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ. ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಆಡಳಿತ ಖರ್ಚು ನೂರಕ್ಕೆ 20ರ ಮೇಲೆ ಹೋಗೋ ಹಾಗಿಲ್ಲ, ಮೊದಲು 50 ಇತ್ತು. ಸಂಶೋಧನೆಯಲ್ಲಿ ವಿದೇಶಿ ಪಾಲುದಾರರು ಇದ್ದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿ ಒಪ್ಪಿಗೆ ಬೇಕು, ಅದಕ್ಕೆ ಅರ್ಜಿ ಐಸಿಎಂಆರ್ ಮೂಲಕ. ಇದಕ್ಕೆಲ್ಲ ಸಮಯ ಇಟ್ಟುಕೊಂಡು ಹೊರಡಿ.

ಮೇಡಂ, ಪಿಎಚ್‌ಡಿಗೆ ಸೇರಿದ ಮೇಲೆ ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ಫೆಲೋಶಿಪ್ ನೋಡಿ. 6ರಿಂದ 9 ತಿಂಗಳು ಅಮೆರಿಕದ ಲ್ಯಾಬ್‌ನಲ್ಲಿ ಇರಬಹುದು. ಅದು ನಿಮಗೆ ನೇರ ಬರುವ ಫೆಲೋಶಿಪ್, ಕಾಲೇಜಿನ ಖಾತೆಯ ತಲೆನೋವಿಲ್ಲ.

ಸಿರ್ಸಿ ಕಡೆಯವ:
ನಾನು ಸಂಶೋಧಕ ಅಲ್ಲ. ಹುಡುಕುತ್ತಾ ಇಲ್ಲಿಗೆ ಬಂದೆ. ನಮ್ಮಣ್ಣ ಕೊನೆಗೌಡ, ಅಡಿಕೆ ಮರ ಹತ್ತಿ ಕೊನೆ ಇಳಿಸುವವ. ಮಳೆಗಾಲದಲ್ಲಿ ಔಷಧಿ ಹೊಡೆಯುವಾಗ ಅಡಿಕೆ ಮರದಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಬಲ ಇಲ್ಲ. ಒಂಬತ್ತು ವರ್ಷ ಆಯ್ತು. ನೀವು ಇಷ್ಟು ಹೊತ್ತು ಯಾವ ಯಾವ ಕಡೆ ದುಡ್ಡು ಸಿಗುತ್ತೆ ಅಂತ ಮಾತಾಡಿದಿರಿ. ಬೇಜಾರಿಗೆ ಹೇಳ್ತಿಲ್ಲ. ಆ ದುಡ್ಡಲ್ಲಿ ಏನು ಹುಡುಕಬೇಕು ಅಂತ ನಮ್ಮಂಥವರನ್ನ ಯಾರಾದ್ರೂ ಕೇಳ್ತಾರಾ? ನಮ್ಮಣ್ಣನಿಗೆ ನಡೆಯುವ ಆಸೆ ಈಗ ಅಷ್ಟಿಲ್ಲ. ಅವನ ತೊಂದರೆ ಮೂತ್ರದ್ದು, ಮತ್ತೆ ಕೂತು ಕೂತು ಆಗೋ ಹುಣ್ಣಿಂದು. ಒಂದು ಸಲ ಹುಣ್ಣಾದರೆ ಮೂರು ತಿಂಗಳು ಕವುಚಿ ಮಲಗಬೇಕು.

ಪಿಟ್ಸ್‌ಬರ್ಗ್ ಕನ್ನಡಿಗ:
ಅಣ್ಣಾ, ಒಳ್ಳೆಯ ಪ್ರಶ್ನೆ ಕೇಳಿದಿರಿ. ಬೆನ್ನುಹುರಿ ಪೆಟ್ಟಿಗೇ ಅಂತ ಹಣ ಕೊಡುವ ಕೆಲವು ಸಂಸ್ಥೆಗಳು ರೋಗಿಗಳ ಮನೆಯಿಂದಲೇ ಹುಟ್ಟಿದವು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ವಿಂಗ್ಸ್ ಫಾರ್ ಲೈಫ್ 2004ರದ್ದು. ಮೋಟೋಕ್ರಾಸ್ ಚಾಂಪಿಯನ್ ಹೈಂಜ್ ಕಿನಿಗಾಡ್ನರ್ ಅವರ ಮಗ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ಮೇಲೆ ಶುರುವಾಯ್ತು. 2014ರಿಂದ ಪ್ರತಿ ಮೇ ತಿಂಗಳು ಲೋಕದ ತುಂಬ ಒಂದೇ ಹೊತ್ತಿಗೆ ಓಟ ಇಡ್ತಾರೆ. ಗೆರೆ ಮುಟ್ಟುವ ಓಟ ಅಲ್ಲ, ಹಿಂದಿನಿಂದ ಕಾರು ಬಂದು ಹಿಡಿಯುವ ತನಕ ಓಡೋದು. ಗಾಲಿಕುರ್ಚಿಯವರೂ ಇರ್ತಾರೆ. ಪ್ರವೇಶ ಶುಲ್ಕ ಪೂರ್ತಿ ಸಂಶೋಧನೆಗೆ. ಅಮೆರಿಕದ ಕ್ರೇಗ್ ನೀಲ್ಸನ್ ಫೌಂಡೇಶನ್ ಕೂಡ ಹಾಗೇ, ಆದರೆ ಅವರ ಸಂಶೋಧನಾ ಅನುದಾನ ಅಮೆರಿಕ, ಕೆನಡಾಕ್ಕೆ ಮಾತ್ರ.

ಆದರೂ ನೀವು ಹೇಳಿದ್ದು ನಿಜ. ಹುಣ್ಣು, ಮೂತ್ರ, ಇವು ಪತ್ರಿಕೆಯಲ್ಲಿ ಸುದ್ದಿ ಆಗಲ್ಲ. ಸ್ಟೆಮ್ ಸೆಲ್ ಆಗುತ್ತೆ.

ಹುಬ್ಬಳ್ಳಿ ಡಾಕ್ಟ್ರು:
ಇದರ ಮುಂದೆ ನಾನು ಮಾತಾಡಲ್ಲ. ಬರೀ ಓದ್ತೀನಿ.

ದಾವಣಗೆರೆ ಫಿಸಿಯೋ:
ಎಲ್ಲರಿಗೂ ಥ್ಯಾಂಕ್ಸ್. ಒಂದು ವಾರ ಕೂತು ಬರೆದೆ. ವಿಚಾರಿಸಿದ್ದೂ ಆಯ್ತು. ನಾನು ಕಾಯಂ. ಎಥಿಕ್ಸ್ ಕಮಿಟಿ ನೋಂದಣಿ ಇದೆ. ಡಿಎಸ್‌ಐಆರ್ ಇಲ್ಲ, ಈಗ ಪ್ರಿನ್ಸಿಪಾಲರು ಹಾಕೋಣ ಅಂದಿದ್ದಾರೆ. ಅದು ಬರುವ ತನಕ ವಿಶ್ವವಿದ್ಯಾಲಯದ ಅನುದಾನಕ್ಕೇ ಹೋಗ್ತೀನಿ. ಯೋಜನೆ ಹೀಗಿದೆ.

ಮೊದಲು ನಲವತ್ತು ಜನ ನಾಟಿ, ಅಡಿಕೆ ಕೆಲಸದವರ ಜೊತೆ ಕೂತು ಮಾತಾಡೋದು, ಸೊಂಟ ಹಿಡಿದ ದಿನ ಯಾವ ಕೆಲಸ ನಿಲ್ಲುತ್ತೆ ಅಂತ. ಆಮೇಲೆ ರೋಲಂಡ್ ಮಾರಿಸ್ ಅನುವಾದ. ಅದಕ್ಕೆ ಯಾರ ಅನುಮತಿಯೂ ಬೇಡ, ಓಸ್ವೆಸ್ಟ್ರಿಗಾದರೆ ಅದನ್ನು ಹಂಚುವ ಮಾಪಿ ಟ್ರಸ್ಟ್‌ಗೆ ಬರೆದು ಕೇಳಬೇಕು. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರೋದು, ಕೂಡಿಸೋದು, ಮೂಲ ನೋಡದ ಇಬ್ಬರು ವಾಪಸ್ ಇಂಗ್ಲಿಷಿಗೆ ತಿರುಗಿಸೋದು, ಸಮಿತಿ ಕೂತು ನೋಡೋದು, 30ರಿಂದ 40 ಜನರ ಮೇಲೆ ಪರೀಕ್ಷೆ. 2000ದಲ್ಲಿ ಬೀಟನ್ ತಂಡ ಬರೆದ ಕ್ರಮ ಇದು, ಎಲ್ಲರೂ ಬಳಸ್ತಾರೆ. ಸಾಕ್ಸ್ ಜಾಗಕ್ಕೆ ಏನು ಬರಬೇಕು ಅನ್ನೋದೇ ದೊಡ್ಡ ಚರ್ಚೆ ಆಗುತ್ತೆ. ನನ್ನ ಪ್ರಕಾರ 'ಕಾಲುಂಗುರ ಸರಿ ಮಾಡಿಕೊಳ್ಳೋಕೆ', ಆದರೆ ಗಂಡಸರಿಗೆ ಆಗಲ್ಲ. 'ಕಾಲು ತೊಳೆಯೋಕೆ' ಅಂತ ಒಬ್ಬ ರೋಗಿಯೇ ಹೇಳಿದರು.

ಟ್ರಯಲ್ ಅಲ್ಲ, ಹಾಗಾಗಿ ಭಾರತದ ಕ್ಲಿನಿಕಲ್ ಟ್ರಯಲ್ ದಾಖಲೆ, ಅಂದರೆ ಸಿಟಿಆರ್‌ಐ ನೋಂದಣಿ ಈಗ ಕಡ್ಡಾಯ ಇಲ್ಲ ಅಂದುಕೊಂಡಿದ್ದೇನೆ. ಸರಿನಾ?

ಫೈಲು ಗುಮಾಸ್ತ:
ಸರಿ. ಮುಂದೆ ಚಿಕಿತ್ಸೆ ಹೋಲಿಸುವ ಟ್ರಯಲ್ ಮಾಡಿದರೆ ಮಾತ್ರ ಮೊದಲ ರೋಗಿ ಸೇರುವ ಮೊದಲೇ ನೋಂದಾಯಿಸಬೇಕು. 2018ರ ಏಪ್ರಿಲ್ 1ರಿಂದ ಆಮೇಲೆ ಹಾಕಿದ್ದು ನಡೆಯಲ್ಲ.

ಬಜೆಟ್ ಕಳಿಸಿದಿರಲ್ಲ, ನೋಡಿದೆ. ಜೆರಾಕ್ಸ್‌ಗೆ ಜಾಸ್ತಿ ಇಟ್ಟಿದ್ದೀರಿ. ಆ ನಲವತ್ತು ಜನರ ಕೂಲಿ ಎಲ್ಲಿ? ನಾಟಿ ಕಾಲದಲ್ಲಿ ಅವರನ್ನು ಅರ್ಧ ದಿನ ಕೂರಿಸಿದರೆ ಅರ್ಧ ದಿನದ ದುಡ್ಡು ಹೋಗುತ್ತೆ. ಆದ ನಷ್ಟ ತುಂಬಿ ಕೊಡಬಹುದು ಅಂತ 2017ರ ಐಸಿಎಂಆರ್ ಮಾರ್ಗಸೂಚಿಯಲ್ಲೇ ಇದೆ, ಎಥಿಕ್ಸ್ ಕಮಿಟಿಗೆ ತೋರಿಸಿ ಒಪ್ಪಿಸಿಕೊಳ್ಳಿ. ಬಸ್ ಚಾರ್ಜು ಬೇರೆ ಸಾಲಿನಲ್ಲಿ ಹಾಕಿ.

ದಾವಣಗೆರೆ ಫಿಸಿಯೋ:
ಅಯ್ಯೋ, ಅದೇ ಮರೆತಿದ್ದೆ ಸರ್. ಜೆರಾಕ್ಸ್ ಕತ್ತರಿಸಿ ಕೂಲಿ ಹಾಕ್ತೀನಿ.

@ಸಿರ್ಸಿ ಕಡೆಯವ, ಸರ್, ಸಮಿತಿಯಲ್ಲಿ ಡಾಕ್ಟರು, ಭಾಷೆಯವರು ಮಾತ್ರ ಇದ್ದಾರೆ. ಮರ ಹತ್ತುವ ಕೆಲಸ ಗೊತ್ತಿರುವವರು ಒಬ್ಬರು ಬೇಕು. ಅಣ್ಣ ಪ್ರಶ್ನೆಗಳನ್ನ ಓದಿ ನೋಡ್ತಾರಾ? ಗೌರವಧನ ಇಟ್ಟಿದ್ದೇನೆ.

ಸಿರ್ಸಿ ಕಡೆಯವ:
ಕೇಳಿದೆ. ಓದ್ತಾನಂತೆ. ಶನಿವಾರ ಬೆಳಿಗ್ಗೆ ಹತ್ತರ ಮೇಲೆ ಫೋನ್ ಮಾಡಿ, ನಂಬರ್ ಮೆಸೇಜಲ್ಲಿ ಹಾಕ್ತೀನಿ. ನಿಮ್ಮ ಮೊದಲನೇ ಪ್ರಶ್ನೆ ಕೇಳಿ ನಗ್ತಾ ಇದ್ದಾನೆ. "ಬೆನ್ನು ನೋವಿಂದ ಹೆಚ್ಚು ಹೊತ್ತು ಮನೆಯಲ್ಲೇ ಇರ್ತೀರಾ" ಅಂತ ಇದೆಯಲ್ಲ, ಕೊಯ್ಲು ಟೈಮಲ್ಲಿ ಯಾವ ಕೊನೆಗೌಡ ನೋವು ಅಂತ ಮನೇಲಿ ಇರ್ತಾನೆ, ನೋವಿದ್ರೂ ಹತ್ತುತ್ತಾನೆ ಅಂತ ಬರ್ಕೊಳ್ಳೋಕೆ ಹೇಳು ಅಂದ.